ಒಂದೇ ದರದ ಮೊಕಾರ್ರಮ್ ಮತ್ತು ಅತ್ತೆಯಂದಿರ ಖರ್ಚು

ಲುಂಗಿ ಕೊಂಡು ಹೊರಟ ಗಿರಾಕಿಯ ಹಿಂದೆ ಅಂಗಡಿಯವನೇ ಓಡಿಬಂದದ್ದನ್ನು ನಮ್ಮ ನ್ಯೂ ಮಾರ್ಕೆಟ್ಟಿನಲ್ಲಿ ನಾನು ಒಂದೇ ಸಲ ನೋಡಿದ್ದೇನೆ. ಗಿರಾಕಿ ಕದ್ದಿರಲಿಲ್ಲ. ಅಂಗಡಿಯವನು ಒಂಬೈನೂರು ಟಾಕಾ ಎಂದಿದ್ದ, ಗಿರಾಕಿ ಒಂಬೈನೂರನ್ನೂ ಎಣಿಸಿಕೊಟ್ಟು ಹೊರಟಿದ್ದ. ಅಷ್ಟೇ ಆಗಿದ್ದು.

"ಭಾಯ್, ನಿಲ್ಲಿ ನಿಲ್ಲಿ! ನನ್ನ ಮೇಲೆ ಏನಾದ್ರೂ ಸಿಟ್ಟಾ?" ಅಂಗಡಿಯವನಿಗೆ ಏದುಸಿರು.

"ಯಾಕೆ? ಚಿಲ್ಲರೆ ಕಮ್ಮಿ ಬಂತಾ?"

"ಕಮ್ಮಿ ಏನಿಲ್ಲ. ಆದ್ರೆ ಬೆಳಗಿನ ಬೋಣಿ ನೋಡಿ. ನಾನೂರಕ್ಕೆ ಕೊಡು ಅಂತ ಒಂದು ಮಾತು ಕೇಳ್ಬಾರ್ದಾ? ಹೀಗೆ ಸುಮ್ನೆ ಕೊಟ್ಟು ಹೋದ್ರೆ ನನಗೆ ಇಡೀ ದಿನ ಸಮಾಧಾನ ಇರಲ್ಲ."

"ಬೆಲೆ ಒಂಬೈನೂರು ಅಂತ ನೀವೇ ಹೇಳಿದ್ರಲ್ಲ?"

"ಹೇಳಿದೆ. ಹೇಳೋದು ಬೇರೆ, ಅಲ್ವಾ?"

ಅದು ಹೇಗೆ ಬೇರೆ ಎಂದು ಅರ್ಥವಾಗದೆ ರಸ್ತೆಯ ಮಧ್ಯದಲ್ಲಿ ನಿಂತವನೇ ಮೊಕಾರ್ರಮ್. ಅವನ ಕಥೆ ಹೇಳಲು ಹೊರಟಿದ್ದೇನೆ. ನಮ್ಮ ಢಾಕಾದಲ್ಲಿ ಕೆಲವು ಅಂಗಡಿಯವರು 'ಒಂದೇ ದರ' ಎಂದು ಬೋರ್ಡು ತೂಗುಹಾಕಿರುತ್ತಾರೆ. ಅಲ್ಲೂ ನಾವು ಚೌಕಾಸಿ ಮಾಡುತ್ತೇವೆ. ಬೋರ್ಡಿನ ಮರ್ಯಾದೆಗೆ ಸ್ವಲ್ಪ ಮೆತ್ತಗೆ ಮಾಡುತ್ತೇವೆ, ಅಷ್ಟೆ. ಬೋರ್ಡಿಲ್ಲದೆಯೂ ಒಂದೇ ದರ ಹೇಳುವ, ಒಂದೇ ದರ ಕೊಡುವ ಮನುಷ್ಯ ಈ ಊರಿನಲ್ಲಿ ಇವನೊಬ್ಬನೇ. ಅದಕ್ಕೇ ನಮ್ಮ ಎಲಿಫೆಂಟ್ ರೋಡಿನ ಚಾ ಅಂಗಡಿಯಿಂದ ಹಿಡಿದು ಜೆರಾಕ್ಸ್ ಅಂಗಡಿಯವರೆಗೆ ಎಲ್ಲರೂ ಅವನನ್ನು 'ಒಂದೇ ದರದ ಮೊಕಾರ್ರಮ್' ಎಂದೇ ಕರೆಯುತ್ತಿದ್ದರು.

ಕೆಳಗೆ ನನ್ನ ಅಂಗಡಿ, ಹಳೆಯ ಕಂಪ್ಯೂಟರು, ಟ್ಯಾಬುಗಳದ್ದು. ಮೇಲಿನ ಮಹಡಿಯಲ್ಲಿ ಅವನ ಕಂಪನಿ. ಹಳ್ಳಿಗಳಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರ ಟ್ಯಾಬಿನಲ್ಲಿ ಚಿತ್ರ ತೋರಿಸಿ, ಮಾತಾಡಿ, ಪಾಠ ಹೇಳುವ ತಂತ್ರಾಂಶ ಮಾಡುವುದು ಅವರ ಕಸುಬು. ಕೈ ತೊಳೆಯುವುದು, ಭೇದಿಗೆ ಉಪ್ಪು-ಬೆಲ್ಲದ ನೀರು, ಬಸುರಿಯ ಊಟ ಇಂಥವು. ಒಂದು ಪಾಠ ಮಾಡಲು ಎಷ್ಟು ಖರ್ಚಾದೀತು ಎಂದು ಮೊದಲೇ ಅಂದಾಜು ಹಾಕಿಕೊಡುವುದು ಮೊಕಾರ್ರಮ್‌ನ ಕೆಲಸ. ಚೌಕಾಸಿ ಬಾರದವನಿಗೆ ಬೆಲೆ ಹೇಳುವ ಕೆಲಸ ಕೊಟ್ಟವನು ಅವರ ಮಾಲೀಕ ಇಶ್ತಿಯಾಕ್. ಅಂಗಡಿಯಲ್ಲಿ ಕುಳಿತು ಇದನ್ನು ನೆನೆದು ಎಷ್ಟೋ ಸಲ ನಾನೊಬ್ಬನೇ ನಕ್ಕಿದ್ದೇನೆ.

ಅಂದಾಜು ಹಾಕುವ ಅವನ ರೀತಿಯೇ ಬೇರೆ. ಬೇರೆಯವರು ಇಷ್ಟು ಚಿತ್ರ, ಇಷ್ಟು ನಿಮಿಷದ ಧ್ವನಿ ಎಂದು ಗುಣಿಸುತ್ತಾರೆ. ಇವನು ನನ್ನ ಅಂಗಡಿಯ ಸ್ಟೂಲಿನ ಮೇಲೆ ಚಾ ಹಿಡಿದು ಕೂತು, "ಹಾರುನ್ ಚಾಚಾ, ಈ ಪಾಠ ನೋಡಿ ಎಷ್ಟು ಜನ 'ಇದು ಸರಿಯಿಲ್ಲ' ಅಂತಾರೆ, ಹೇಳಿ?" ಎಂದು ಕೇಳುತ್ತಿದ್ದ.

"ನನಗೇನು ಗೊತ್ತಪ್ಪ, ನಾನೇನು ಡಾಕ್ಟರಾ?"

"ಚಿತ್ರ ಬರೆಯೋಕೆ ಖರ್ಚು ಬರಲ್ಲ ಚಾಚಾ. ಮತ್ತೆ ಮತ್ತೆ ಬರೆಯೋಕೆ ಖರ್ಚು ಬರುತ್ತೆ."

ಇದಕ್ಕೆ ಅವನ ಸಾಕ್ಷಿ ಒಂದು ಮೀನು. ಬಸುರಿ ಹೆಂಗಸು ಮೀನು ಊಟ ಮಾಡುವ ಚಿತ್ರವೊಂದನ್ನು ಒಮ್ಮೆ ಅವರು ತಯಾರಿಸಿದ್ದರು. ದೊಡ್ಡ ಇಲಿಶ್ ಮೀನು ಇರಲಿ ಎಂದರು ಮೊದಲ ಡಾಕ್ಟರು. ಈ ಬೆಲೆಗೆ ಇಲಿಶ್ ತಿನ್ನೋರ್ಯಾರು, ಸಣ್ಣ ಮೀನು ಹಾಕಿ ಎಂದರು ಎರಡನೆಯವರು. ಮೂರನೆಯವರಿಗೆ ಸೆರಗು ತಲೆಯ ಮೇಲೆ ಬೇಕಿತ್ತು. ಸೆರಗು ಹೊದಿಸಿದ ಮೇಲೆ, ಅವಳು ಎಡಗೈಯಲ್ಲಿ ಉಣ್ಣುತ್ತಿದ್ದಾಳಲ್ಲ ಎಂದರು ನಾಲ್ಕನೆಯವರು. ಕೈ ಬದಲಾಯಿಸಿದ ಮೇಲೆ, ಗಂಡ ಎಲ್ಲಿ ಹೋದ ಎಂದು ಸಮಿತಿ ಕೇಳಿತು. ಗಂಡನನ್ನು ಕೂರಿಸಿದರೆ, ಅವನ ತಟ್ಟೆಯಲ್ಲಿ ಮೀನು ದೊಡ್ಡದಾಯಿತು, ಪಾಠವೇ ತಲೆಕೆಳಗು ಎಂದರು. ಕೊನೆಗೆ ಎಲ್ಲರೂ ಒಪ್ಪಿ ಸಹಿ ಹಾಕಿದ ಚಿತ್ರದಲ್ಲಿ ಗಂಡ ಹೆಂಡತಿ ಎದುರುಬದುರು ಕೂತಿದ್ದರು. ಮಧ್ಯದಲ್ಲಿ ಮುಚ್ಚಳ ಹಾಕಿದ ಪಾತ್ರೆಯೊಂದಿತ್ತು. ಒಳಗೇನಿದೆಯೋ ದೇವರೇ ಬಲ್ಲ. ಮೀನು ಮಾತ್ರ ಇರಲಿಲ್ಲ.

ಅವನ ಅಂದಾಜು ನಿಜಕ್ಕೆ ಹತ್ತಿರವೇ ಇರುತ್ತಿತ್ತು. ತೊಂದರೆ ಅದಲ್ಲ. ಅವನು ನಲವತ್ತು ಲಕ್ಷ ಎಂದರೆ ಇಶ್ತಿಯಾಕ್ ಅದನ್ನು ಓದದೆಯೇ ಇಪ್ಪತ್ತು ಮಾಡಿ ಕಳಿಸುತ್ತಿದ್ದ. ನೌಕರ ಹೇಳಿದ ಅಂಕಿಯಲ್ಲಿ ಅರ್ಧ ಗಾಳಿ ಇದ್ದೇ ಇರುತ್ತದೆ ಎಂಬುದು ಅವನ ನಂಬಿಕೆ. ಕೊಳ್ಳುವ ಸಂಸ್ಥೆಯವರು ಆ ಇಪ್ಪತ್ತರಲ್ಲೂ ಗಾಳಿ ಹುಡುಕಿ ಹನ್ನೆರಡಕ್ಕೆ ಇಳಿಸುತ್ತಿದ್ದರು. ಕೆಲಸಕ್ಕೆ ಮಾತ್ರ ನಲವತ್ತೇ ತಗಲುತ್ತಿತ್ತು. ಹೀಗೆ ಎರಡು ಕೆಲಸಗಳಲ್ಲಿ ಕೈ ಸುಟ್ಟುಕೊಂಡ ಮೇಲೆ ಇಶ್ತಿಯಾಕ್ ಅವನನ್ನು ಕರೆದು ಹೇಳಿಯೇಬಿಟ್ಟ:

"ಮೊಕಾರ್ರಮ್ ಸಾಹೇಬ್ರೆ, ತಾಯಿ-ಮಗು ಪಾಠದ ಕೆಲಸ ಒಂದು ಬರೋ ಹಾಗಿದೆ. ಇದು ಕೈತಪ್ಪಿದ್ರೆ, ಇಲ್ಲಾ ಇದ್ರಲ್ಲೂ ನಷ್ಟ ಆದ್ರೆ, ಆರೋಗ್ಯದ ವಿಭಾಗಾನೇ ಮುಚ್ತೀನಿ. ಮದುವೆ ಹಾಲ್ ಬುಕ್ ಮಾಡೋ ಆಪ್ ಮಾಡಿಕೊಂಡು ಹಾಯಾಗಿರ್ತೀನಿ. ನಿಮಗೇನು, ಭಾವಮೈದನ ಐಸ್ ಫ್ಯಾಕ್ಟರಿ ಇದೆಯಲ್ಲ!"

ಐಸ್ ಫ್ಯಾಕ್ಟರಿ ಇದ್ದದ್ದು ನಿಜ. ಚಾಂದ್‌ಪುರದಲ್ಲಿ, ಮೀನಿನ ದಕ್ಕೆಯ ಪಕ್ಕ. ಅವನ ಹೆಂಡತಿಯ ತಮ್ಮ ಲಿಟನ್ ವಾರಕ್ಕೊಂದು ಸಲವಾದರೂ ಫೋನು ಮಾಡುತ್ತಿದ್ದ. "ಭಾವ, ಗಲ್ಲಾದಲ್ಲಿ ಕೂರೋಕೆ ನಂಬಿಕಸ್ಥರು ಬೇಕು. ನಿಮ್ಮಷ್ಟು ನಂಬಿಕಸ್ಥರು, ಇನ್ನೇನೂ ಬಾರದವರು, ನನಗೆ ಎಲ್ಲಿ ಸಿಗ್ತಾರೆ?" ಲಿಟನ್‌ಗೆ ಇದು ಹೊಗಳಿಕೆ. ಮೊಕಾರ್ರಮ್‌ಗೆ ಮಾತ್ರ ಆ ಫೋನು ಬಂದಾಗಲೆಲ್ಲ ಬೇಸಿಗೆಯಲ್ಲೂ ಕೈಕಾಲು ತಣ್ಣಗಾಗುತ್ತಿತ್ತು.

ಅವತ್ತು ಸಪ್ಪೆ ಮುಖ ಹೊತ್ತು ಬಂದವನಿಗೆ ನಾನು ವ್ಯಾಪಾರದ ಓನಾಮ ಹೇಳಿಕೊಟ್ಟೆ. "ನೋಡು, ನಾನು ಕಂಪ್ಯೂಟರ್ ಮಾರುವಾಗ ಬಿಲ್ಲಿನಲ್ಲಿ ಒಂದು ಚೀಲ ಬರೀತೀನಿ. ಎಂಟುನೂರು ಟಾಕಾ. ಆ ಚೀಲ ಮಾರೋಕೆ ಇಟ್ಟಿದ್ದಲ್ಲ, ಹತ್ತು ವರ್ಷದಿಂದ ಅದೇ ಮೊಳೆಗೆ ನೇತಾಡ್ತಿದೆ. ಗಿರಾಕಿ ಜಗಳ ಆಡಿ ಚೀಲ ಹೊಡೆದುಹಾಕಿಸ್ತಾನೆ, ಗೆದ್ದೆ ಅಂತ ಮನೆಗೆ ಹೋಗ್ತಾನೆ. ಕಂಪ್ಯೂಟರಿನ ಬೆಲೆ ಹಾಗೇ ಉಳೀತು. ನಿನ್ನ ಪಟ್ಟಿಯಲ್ಲೂ ಒಂದು ಚೀಲ ಹಾಕು ಮಾರಾಯ!"

"ಇಲ್ಲದ ಖರ್ಚು ಬರೀಲಾ?"

"ಬರೀ. ಎಲ್ಲರೂ ಬರೀತಾರೆ."

 ಮರುದಿನ ಅವನು ಪಟ್ಟಿ ತಂದ. ಬರವಣಿಗೆ, ಚಿತ್ರ, ಧ್ವನಿ ಎಲ್ಲ ಸೇರಿ ಇಪ್ಪತ್ತೊಂದು ಲಕ್ಷ. ಟ್ಯಾಬುಗಳಿಗೆ ಹನ್ನೊಂದು ಲಕ್ಷ. ಆ ಸಾಲು ನಾನೇ ಹೇಳಿ ಸೇರಿಸಿದ್ದು, ಟ್ಯಾಬು ಬರಬೇಕಾದ್ದು ನನ್ನ ಅಂಗಡಿಯಿಂದ. ನಡುವೆ ಇನ್ನೊಂದು ಸಾಲು: 'ಅತ್ತೆಯಂದಿರ ಖರ್ಚು, ಒಂಬತ್ತು ಲಕ್ಷ'. ನಾನು ಬಿದ್ದು ಬಿದ್ದು ನಕ್ಕೆ.

"ಭಲೇ! ಇದು ಚೀಲ ಅಂದ್ರೆ ಚೀಲ! ನೋಡಿದ ತಕ್ಷಣ ಹೊಡೆದುಹಾಕ್ತಾರೆ."

"ಹೊಡೆದುಹಾಕ್ತಾರೆ ಅಂತಾನೇ ಬರೆದೆ. ಆದ್ರೆ ಅದು ನಿಜವಾದ ಖರ್ಚು ಚಾಚಾ. ಇಷ್ಟು ದಿನ 'ತಿದ್ದುಪಡಿ' ಅಂತ ಬೇರೆ ಸಾಲಿನಲ್ಲಿ ಅಡಗಿಸ್ತಿದ್ದೆ."

"ಅಯ್ಯೋ ಪೆದ್ದ! ಹೊಡೆದುಹಾಕಿದ್ರೆ ಒಂಬತ್ತು ಲಕ್ಷ ನಿನಗೇ ನಷ್ಟ ಅಲ್ವೇನೋ?"

"ನಷ್ಟಾನೇ. ಸುಳ್ಳಲ್ವಲ್ಲ."

ಇಂಥವನಿಗೆ ಏನು ಹೇಳುವುದು? ಕೊಳ್ಳುವವರೇ ಕಡಿಯಲಿ, ಈ ಸಲ ನೀವು ಕಡಿಯಬೇಡಿ ಎಂದು ಇಶ್ತಿಯಾಕ್‌ನನ್ನು ಒಪ್ಪಿಸುವುದರಲ್ಲೇ ನನಗೆ ಸಾಕಾಯಿತು. ಕೆಳಗಿನ ಮೊತ್ತ ನಲವತ್ತೊಂದು ಲಕ್ಷ ಎಂದಷ್ಟೇ ನೋಡಿ, ಸಾಲುಗಳನ್ನು ಓದದೆ ಅವನು ಸಹಿ ಹಾಕಿದ.

ಕೊಳ್ಳುವ ಸಂಸ್ಥೆಯ ಪರವಾಗಿ ಖರೀದಿ ನೋಡುತ್ತಿದ್ದವರು ದಿಲಾರಾ ಆಪಾ, ಅಂದರೆ ದಿಲಾರಾ ಅಕ್ಕ. ಬಾರಿಸಾಲಿನ ಕಡೆಯವರು. ಆ ನದಿ ಸೀಮೆಯ ಹೆಂಗಸರು ಮೀನು ಕೊಳ್ಳುವಾಗ ಮೊದಲು ಕಿವಿರು ಎತ್ತಿ ಒಳಗಿನ ಬಣ್ಣ ನೋಡುತ್ತಾರಲ್ಲ, ಆಪಾ ಪಟ್ಟಿಯನ್ನೂ ಹಾಗೆಯೇ ನೋಡುತ್ತಿದ್ದರು. ಮಾದರಿಯ ಟ್ಯಾಬು ಹಿಡಿದು ನಾನೂ ಸಭೆಗೆ ಹೋಗಿದ್ದೆ. ಸಮೋಸಾದಂಥ ಸಿಂಗಾಡಾ ಬಂತು, ಚಾ ಬಂತು. ಆಪಾ ಪಟ್ಟಿಯನ್ನು ಕೆಳಗಿನಿಂದ ಹಿಡಿದರು.

"ಟ್ಯಾಬು ಯಾಕ್ರೀ? ನಮ್ಮ ಕಾರ್ಯಕರ್ತೆಯರ ಹತ್ತಿರ ಹೋದ ವರ್ಷ ಕೊಟ್ಟಿದ್ದೇ ಇದೆ. ತೆಗೀರಿ."

ಹನ್ನೊಂದು ಲಕ್ಷ ಸಿಂಗಾಡಾ ಆರುವುದರೊಳಗೆ ಹೋಯಿತು. ನಾನು ಟ್ಯಾಬನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡೆ.

"ಚಿತ್ರ ಕುಣಿಯೋದು ಯಾಕೆ? ನಿಂತಿರೋ ಚಿತ್ರ ಸಾಲದಾ? ಐದು ಲಕ್ಷ ತೆಗೀರಿ."

ಇಶ್ತಿಯಾಕ್ ಹಲ್ಲುಗಿಂಜಿ ತಲೆಯಾಡಿಸಿದ. ಆಪಾರ ಬೆರಳು ಇನ್ನೊಂದು ಸಾಲು ಮೇಲೇರಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅತ್ತೆಯಂದಿರ ಖರ್ಚು?"

ಇಶ್ತಿಯಾಕ್‌ನ ಗಂಟಲಲ್ಲಿ ಸಿಂಗಾಡಾ ನಿಂತಿತು. ಆ ಸಾಲನ್ನು ಅವನು ನೋಡುತ್ತಿದ್ದದ್ದು ಅದೇ ಮೊದಲು. ನೀರು ಕುಡಿದು, "ಹೆ ಹೆ, ಅದು ನಮ್ಮ ಹುಡುಗರ ತಮಾಷೆ ಆಪಾ. ಹೊಡೆದುಹಾಕಿ, ಹೊಡೆದುಹಾಕಿ" ಎಂದು ತಾನೇ ಪೆನ್ನು ತೆಗೆದ.

"ಬೇಡ ಸಾರ್," ಎಂದ ಮೊಕಾರ್ರಮ್.  "ಆಗಲೇ ಹದಿನಾರು ಲಕ್ಷ ಹೋಗಿದೆ, ಹೋಗ್ಲಿ. ಇದು ಹೋದ್ರೆ ಪಾಠ ಮಾಡೋದೇ ಬೇಡ. ನಾವು ಸೊಸೆಗೆ ಪಾಠ ಮಾಡ್ತೀವಿ ಆಪಾ. ಆದ್ರೆ ಮನೆಯಲ್ಲಿ ಕೇಳಬೇಕಾದೋರು ಅತ್ತೆ. ಆರು ಜಿಲ್ಲೆಗಳಲ್ಲಿ ಅತ್ತೆಯರನ್ನ ಕೂರಿಸಿ ಪಾಠ ತೋರಿಸೋದು, ಅವರು ಬೈದಿದ್ದನ್ನೆಲ್ಲ ತಿದ್ದೋದು, ಮತ್ತೆ ತೋರಿಸೋದು. ಅದರ ಖರ್ಚು ಅದು."

ಇಶ್ತಿಯಾಕ್ ಮೇಜಿನ ಕೆಳಗೆ ಅವನ ಕಾಲು ತುಳಿದದ್ದು ನನಗೆ ಕಂಡಿತು. ಚಾಂದ್‌ಪುರದ ಐಸ್ ಆ ಕೋಣೆಯೊಳಗೇ ಬಂದು ಕೂತ ಹಾಗಿತ್ತು.

"ಬೈತಾರೆ ಅಂತ ನೀವು ಹೇಳಿದ್ರೆ ಆಯ್ತಾ? ತೋರಿಸಿ," ಎಂದರು ಆಪಾ. "ನಿಮ್ಮನೆಯಲ್ಲಿ ಅತ್ತೆ ಇದ್ದಾರಾ?"

"ನನ್ನ ಅಮ್ಮ ಇದ್ದಾರೆ. ನನ್ನ ಹೆಂಡತಿಗೆ ಅತ್ತೆ."

"ಸರಿ. ಶುಕ್ರವಾರ ಊಟಕ್ಕೆ ಬರ್ತೀನಿ. ಅವರು ಏನೂ ಅನ್ನದೆ ಪಾಠ ನೋಡಿದ್ರೆ ಒಂಬತ್ತು ಲಕ್ಷ ಹೊಡೆದುಹಾಕ್ತೀನಿ, ಕೆಲಸಾನೂ ಬೇರೆಯವರಿಗೆ ಕೊಡ್ತೀನಿ."

ಶುಕ್ರವಾರ ರಾಯೇರ್ ಬಜಾರಿನ ಅವನ ಮನೆಗೆ ನಾನೂ ಹೋದೆ. ಕರೆದಿರಲಿಲ್ಲ. ಆದರೆ ಖಿಚುಡಿ ಇತ್ತು, ತಮಾಷೆ ಇತ್ತು. ಎರಡನ್ನೂ ಬಿಡುವವನು ನಾನಲ್ಲ. ಅವನ ತಾಯಿ ಸಾಲೇಹಾ ಭಾಭಿ ನೋವಾಖಾಲಿಯವರು. ಢಾಕಾಕ್ಕೆ ಬಂದು ವರ್ಷಗಳಾದರೂ ಊರಿನ ಮಾತು ಬಿಟ್ಟವರಲ್ಲ. ಸೆರಗಿನ ತುದಿಗೆ ಕೀಲಿಗೊಂಚಲು; ಆಕೆ ನಡೆದರೆ ಅದು ಮೊದಲು ಮಾತಾಡುತ್ತಿತ್ತು. ಸೊಸೆ ರೊಕ್ಸಾನಾ ಎರಡನೆಯ ಸಲ ಬಸುರಿ. ಅವಳು ಬಡಿಸಿ ಬಂದು ಗೋಡೆಗೆ ಒರಗಿ ಕೂತಳು.

ಊಟ ಮುಗಿಸಿ ಆಪಾ ತಮ್ಮ ಚೀಲದಿಂದ ಟ್ಯಾಬು ತೆಗೆದು ಮಾದರಿ ಪಾಠ ಹಾಕಿ ಭಾಭಿಯ ಕೈಗೆ ಕೊಟ್ಟರು. ಢಾಕಾದ ಹುಡುಗಿಯೊಬ್ಬಳ ನಯವಾದ ದನಿ ಶುರುವಾಯಿತು: ಗರ್ಭಿಣಿಯರು ಪ್ರತಿ ಊಟದಲ್ಲಿ ಒಂದು ಹಿಡಿ ಅನ್ನ ಹೆಚ್ಚು ಸೇವಿಸತಕ್ಕದ್ದು.

 ಭಾಭಿ ಕಣ್ಣು ಮಿಟುಕಿಸದೆ ನೋಡಿದರು. ಒಂದು ಮಾತಿಲ್ಲ. ಪಾಠ ಮುಗಿಯಿತು. ಆಗಲೂ ಮಾತಿಲ್ಲ. ಆಪಾ ಹುಬ್ಬೇರಿಸಿ ಮೊಕಾರ್ರಮ್‌ನತ್ತ ನೋಡಿದರು. ಇಷ್ಟು ವರ್ಷ ಮನೆಯಲ್ಲಿ ಎಲ್ಲದಕ್ಕೂ ಕೊಂಕು ತೆಗೆದ ತಾಯಿ, ಮಗನಿಗೆ ಬೇಕಾದ ದಿನವೇ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಬಂದ ಅತಿಥಿಯ ಎದುರು ಅವರ ವಸ್ತುವನ್ನು ಹಳಿಯುವುದು ನೋವಾಖಾಲಿಯಲ್ಲಿ ಮರ್ಯಾದೆಯಲ್ಲವಂತೆ.

"ಹೇಗಿತ್ತು ಖಾಲಾಮ್ಮಾ?" ಎಂದು ಆಪಾ ಚಿಕ್ಕಮ್ಮನನ್ನು ಕರೆಯುವಂತೆ ಕೇಳಿದರು.

"ಭಾಳ ಛಂದ ಐತವ್ವ," ಎಂದರು ಭಾಭಿ. ಎದ್ದರು. ಕೀಲಿ ಝಣ್ ಎಂದಿತು. ಟ್ಯಾಬನ್ನು ಸೆರಗಿನಿಂದ ಒರೆಸಿ, ಕಪಾಟು ತೆರೆದು, ಮಡಿಸಿಟ್ಟ ಸೀರೆಗಳ ಕೆಳಗೆ ಇಟ್ಟು, ಬೀಗ ಹಾಕಿ ಬಂದು ಕೂತರು.

ಎಲ್ಲರೂ ಕಪಾಟನ್ನೇ ನೋಡಿದೆವು. ರೊಕ್ಸಾನಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಖಾಲಾಮ್ಮಾ, ಅದು ನಿಮ್ಮ ಸೊಸೆ ನೋಡೋಕೆ..."

"ತುಟ್ಟಿ ಸಾಮಾನು ಹೊರಗ ಇಡತಾರೇನು? ಅಕಿ ನೋಡಿ ಏನ ಮಾಡತಾಳ?"

ದಿಲಾರಾ ಆಪಾ ನಗತೊಡಗಿದರು. ಖುರ್ಚಿಯ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಮೊಕಾರ್ರಮ್ ಸಾಹೇಬ್ರೆ, ಕೋಟಿ ಕೋಟಿಗೆ ಸಹಿ ಹಾಕೋಳು ನಾನು. ನಮ್ಮನೆ ಕಪಾಟಿನ ಕೀಲಿ ಇವತ್ತಿಗೂ ಅತ್ತೆಯ ಸೆರಗು ಬಿಟ್ಟು ನನ್ನ ಸೆರಗಿಗೆ ಬಂದಿಲ್ಲ." ಆಮೇಲೆ ಭಾಭಿಯ ಮೊಣಕಾಲಿನ ಮೇಲೆ ಕೈಯಿಟ್ಟು ಕೇಳಿದರು, "ನಿಜ ಹೇಳಿ. ಆ ಹುಡುಗಿ ಹೇಳಿದ್ದು ನಿಮಗೆ ಹಿಡಿಸಲಿಲ್ಲ, ಅಲ್ವಾ?"

ಅತಿಥಿಯೇ ಅಪ್ಪಣೆ ಕೊಟ್ಟ ಮೇಲೆ ಇನ್ನೇನು? ಕಟ್ಟೆ ಒಡೆಯಿತು.

"ಯಾರಕಿ? ಸುದ್ದಿ ಓದಾಕತ್ಯಾಳೇನು? ಸೇವಿಸತಕ್ಕದ್ದಂತ! ಒಂದು ಹಡದಾಳೇನು ಅಕಿ? ಹೇಳಿದ್ದು ಖರೇ ಐತಿ, ಇಲ್ಲ ಅನ್ನಂಗಿಲ್ಲ. ಮೊದಲನೇ ಸಲ ನಾನಾ ಈಕಿಗೆ ಕಡಿಮಿ ಉಣಿಸಿದ್ದೆ, ಕೂಸು ಸಣ್ಣದಿದ್ರ ಹೆರಿಗಿ ಸಲೀಸು ಅಂತ. ಬೆಕ್ಕಿನ ಮರಿಯಂಗ ಹುಟ್ಟಿತು. ಚಳಿಗಾಲ ಪೂರ್ತಿ ಎದಿಗೆ ಕಟಗೊಂಡು ಕುಂತಾಕಿ ನಾನು. ಈಗ ನನಗ ಈ ಪಿಳ್ಳಿ ಬಂದು ಹೇಳತಾಳ!"

"ಹಾಗಾದ್ರೆ ನೀವು ಹೇಗೆ ಹೇಳ್ತೀರಿ?"

ಭಾಭಿ ಸೊಸೆಯತ್ತ ತಿರುಗಿದರು. ಖಿಚುಡಿಯ ಪಾತ್ರೆ ಅವಳ ಮುಂದೆ ನೂಕಿದರು. "ಏ ಹುಡುಗಿ, ಇನ್ನೊಂದು ಹಿಡಿ ಉಣ್ಣು. ಅದು ನಿಂದಲ್ಲ, ನನ್ನ ಮೊಮ್ಮಗಂದು. ಅವನ ಪಾಲು ಕದ್ದರ ನೋಡು ಮತ್ತ!"

ರೊಕ್ಸಾನಾ ಉಂಡಳು. ಆಪಾ ಫೋನು ತೆಗೆದು, "ಇದನ್ನೇ ಇನ್ನೊಂದು ಸಲ ಹೇಳಿ ಖಾಲಾಮ್ಮಾ, ತುಂಬ್ಕೋತೀನಿ" ಎಂದರು.

"ಎಷ್ಟು ಕೊಡತಿ?" ಎಂದರು ಭಾಭಿ.

ಮೊಕಾರ್ರಮ್ ನಾಚಿಕೆಯಿಂದ ನೆಲ ನೋಡಿದ. ನನಗೋ ಪರಮಾನಂದ. ಐನೂರರಿಂದ ಶುರುವಾದದ್ದು ಒಂದು ತಾಂಗಾಯಿಲ್ ಸೀರೆ, ಒಂದು ಪಾನ್ ಡಬ್ಬಿಗೆ ಬಂದು ನಿಂತಿತು; ಕಪಾಟಿನೊಳಗಿನ ಟ್ಯಾಬೂ ಹೊರಗೆ ಬಂತು. ಅಷ್ಟರಲ್ಲಿ ಒಂಬತ್ತು ಲಕ್ಷದ ಮಾತೂ ಬಂತು. ಮಗ ಮೆಲ್ಲಗೆ ವಿವರಿಸಿದ: ಆರು ಜಿಲ್ಲೆ, ಜಿಲ್ಲೆಗೆ ಮೂವತ್ತು ಅತ್ತೆಯರು, ಬಸ್ಸು, ಊಟ, ಉಳಿಯುವ ವ್ಯವಸ್ಥೆ.

"ಒಬ್ಬೊಬ್ಬರಾ ಬರತಾರೇನು?" ಭಾಭಿ ಕೇಳಿದರು.

"ಹೌದಮ್ಮ."

"ನಿನ್ನ ತಲಿ! ಒಬ್ಬಾಕಿ ಅತ್ತಿ ಬಸ್ ಹತ್ತಿ ಹೋಗಿದ್ದು ಎಲ್ಲಿ ನೋಡಿದಿ? ಒಬ್ಬ ಮೊಮ್ಮಗ, ಇಲ್ಲಾ ಒಬ್ಬ ತಂಗಿ, ಜೋಡಿ ಬ್ಯಾಡೇನು? ಅವರಿಗೆ ಊಟ ಬ್ಯಾಡೇನು? ಅದನ್ನ ಬರದಿಲ್ಲ! ಇವನ ಕೈಯಾಗ ಲೆಕ್ಕ ಕೊಟ್ಟವ ಯಾರವ್ವ?"

ಎಲ್ಲರ ತಕರಾರು ಎಣಿಸುತ್ತಿದ್ದ ಮನುಷ್ಯ ಜೊತೆಗೆ ಬರುವವರನ್ನು ಎಣಿಸಿರಲಿಲ್ಲ. ಆಪಾ ಪೆನ್ನು ತೆಗೆದು ಒಂಬತ್ತನ್ನು ಹನ್ನೊಂದು ಮಾಡಿದರು. ಕೊಳ್ಳುವವರು ತಾವಾಗಿ ಬೆಲೆ ಏರಿಸಿದ್ದನ್ನು ಅದುವರೆಗೆ ನಾನು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಕುಣಿಯುವ ಚಿತ್ರಗಳ ಐದು ಲಕ್ಷ ಹೋದದ್ದರಿಂದ ಯಾರಿಗೂ ನಷ್ಟವಾಗಲಿಲ್ಲ. ಅತ್ತೆಯರ ಬೈಗುಳವಿದ್ದರೆ ಚಿತ್ರ ಸುಮ್ಮನೆ ನಿಂತಿದ್ದರೂ ಸಾಕಿತ್ತು. ಇಪ್ಪತ್ತೇಳು ಲಕ್ಷಕ್ಕೆ ಕೆಲಸ ಬಂತು, ಇಪ್ಪತ್ತೇಳರೊಳಗೆ ಮುಗಿಯಿತು. ಇಶ್ತಿಯಾಕ್ ಈಗ ಮೊಕಾರ್ರಮ್‌ನ ಪಟ್ಟಿಯನ್ನು ಅರ್ಧ ಮಾಡುವ ಮೊದಲು ಒಮ್ಮೆ ಓದುತ್ತಾನೆ. ಲಿಟನ್ ಗಲ್ಲಾದಲ್ಲಿ ತಾನೇ ಕೂತಿದ್ದಾನೆ.

ನನ್ನ ಟ್ಯಾಬುಗಳು ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಒಂದು ದಿನ ಕೀಲಿಯ ಸದ್ದು ಕೇಳಿಸಿತು.

"ಹಾರುನ್ ಮಿಯಾ, ಪಾಠದಾಗಿನ ನನ್ನ ದನಿ ನಾನಾ ಕೇಳಬೇಕು. ಒಂದು ಕೊಡ್ರಿ."

"ಒಂಬತ್ತು ಸಾವಿರ ಭಾಭಿ. ನಿಮಗೆ ಅಂತ. ಚೀಲ ಎಂಟುನೂರು."

ಆಮೇಲೆ ನಡೆದದ್ದನ್ನು ವಿವರವಾಗಿ ಬರೆಯಲು ನನ್ನಂಥ ವ್ಯಾಪಾರಿಗೆ ಕೈ ಬರುವುದಿಲ್ಲ. ನಾನು ಕೊಂಡ ಬೆಲೆಗಿಂತ ಕೆಳಗೆ ಟ್ಯಾಬು ಹೋಯಿತು. ಹತ್ತು ವರ್ಷದಿಂದ ಮೊಳೆಗೆ ನೇತಾಡುತ್ತಿದ್ದ ಚೀಲವೂ ಅದರ ಜೊತೆಗೇ, ಬಿಟ್ಟಿಯಾಗಿ ಹೋಯಿತು.

ಸಂಜೆ ಮೊಕಾರ್ರಮ್ ಬಂದ. "ಅಮ್ಮ ಎಷ್ಟು ಕಮ್ಮಿ ಕೊಟ್ರು ಚಾಚಾ?" ಎಂದು ಕೇಳಿ, ಚೀಲವನ್ನೂ ಸೇರಿಸಿ ಪೂರ್ತಿ ಎಣಿಸಿಕೊಟ್ಟ. ನಾನು ತೆಗೆದುಕೊಂಡೆ. ಕೊಟ್ಟದ್ದನ್ನು ಬೇಡವೆನ್ನಲು ನಾನೇನು ಆ ಲುಂಗಿ ಅಂಗಡಿಯವನೇ?

ಆದರೆ ಸುಳ್ಳು ಹೇಳಲು ಬಾರದ ಮಗ ಮನೆಯಲ್ಲೂ ಸುಳ್ಳು ಹೇಳಲಿಲ್ಲವೆಂದು ಕಾಣುತ್ತದೆ. ಮರುದಿನ ಬೆಳಿಗ್ಗೆ ನಾನಿನ್ನೂ ಅರ್ಧ ಬಾಗಿಲು ತೆರೆದಿದ್ದೆ. ರಸ್ತೆಯ ಆ ಬದಿಯಿಂದಲೇ ಕೀಲಿಗೊಂಚಲಿನ ಸದ್ದು ಜೋರಾಗಿ ಬರತೊಡಗಿತು. ನಾನು ಗಲ್ಲಾ ತೆರೆದು, ಮಗ ಕೊಟ್ಟುಹೋದ ದುಡ್ಡನ್ನು ವಾಪಸು ಕೊಡಲು ಎಣಿಸತೊಡಗಿದೆ.